ಒಬ್ಬರಿಗೆ ಹೊತ್ತದ ಒಲೆ

ಈ ಊರಿನಲ್ಲಿ ಒಬ್ಬರಿಗಾಗಿ ಒಲೆ ಹೊತ್ತುವುದಿಲ್ಲ ಎಂಬ ಸಂಗತಿಯನ್ನು ನನ್ನನ್ನು ಕೆಲಸಕ್ಕೆ ಕರೆಸಿಕೊಂಡವರು ಹೇಳಿರಲೇ ಇಲ್ಲ. ಚಳಿ ಹೆಚ್ಚು, ಉಣ್ಣೆಯ ಕಾಲುಚೀಲ ತನ್ನಿ ಎಂದಿದ್ದರು. ಟ್ರಾಮಿನಲ್ಲಿ ಗಟ್ಟಿಯಾಗಿ ಮಾತಾಡಬಾರದು ಎಂದಿದ್ದರು. ಬಟ್ಟೆ ಒಗೆಯುವ ಯಂತ್ರ ನೆಲಮಾಳಿಗೆಯಲ್ಲಿದೆ, ಅದಕ್ಕೆ ಸರದಿ ಹಿಡಿಯಬೇಕು ಎಂದೂ ತಿಳಿಸಿದ್ದರು. ಇಷ್ಟೆಲ್ಲ ಹೇಳಿದವರಿಗೆ ಮುಖ್ಯವಾದದ್ದೇ ಮರೆತುಹೋಗಿತ್ತು. ಅವರ ತಪ್ಪಲ್ಲ ಬಿಡಿ. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ನಾವು ಮನೆಗೆ ಬಂದ ನೆಂಟರಿಗೆ ಹೇಳಿಕೊಡುತ್ತೇವೆಯೇ?

ನಾನು ಹಲ್ಲು ಮಾಡುವವಳು, ಹರಿಹರದ ಕೊಟ್ರಮ್ಮ. ಡಾಕ್ಟರಲ್ಲ. ಡಾಕ್ಟರು ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ಆ ಅಚ್ಚಿಗೆ ಹೊಂದುವ ಹಾಗೆ ಹಲ್ಲಿನ ಸೆಟ್ಟು ಕೂರಿಸಿ, ಉಜ್ಜಿ, ಹೊಳಪು ಕೊಡುವುದು ನನ್ನ ಕೆಲಸ. ದಾವಣಗೆರೆಯ ಒಂದು ಲ್ಯಾಬಿನಲ್ಲಿ ಬಹಳ ವರ್ಷ ಅದನ್ನೇ ಮಾಡಿದೆ. ಈ ಊರಿನವರು ಹಾಲುಹಲ್ಲು ಬಂದಾಗಿನಿಂದ ಒಂದು ಬಗೆಯ ಕಲ್ಲಿನಂಥ ಮಿಠಾಯಿ ಚೀಪುತ್ತಾರಾದ್ದರಿಂದ ಐವತ್ತಕ್ಕೆಲ್ಲ ಬಾಯಿ ಬೋಳಾಗಿರುತ್ತದೆ. ಹಾಗಾಗಿ ನನ್ನಂಥವರಿಗೆ ಇಲ್ಲಿ ಬೇಡಿಕೆ. ಈ ಕಸುಬಿನಿಂದ ನನಗೊಂದು ಕೆಟ್ಟ ಚಾಳಿಯೂ ಅಂಟಿದೆ: ಯಾರೇ ಎದುರಿಗೆ ಬಂದರೂ ಮುಖ ನೋಡುವ ಮೊದಲು ಬಾಯಿ ನೋಡುತ್ತೇನೆ. ಒಂದೇ ಬದಿಗೆ ಅಗಿಯುವವರು ಹಟಮಾರಿಗಳು, ಮುಂದಿನ ಹಲ್ಲಿನಲ್ಲೇ ಕಚ್ಚಿ ಕಚ್ಚಿ ತಿನ್ನುವವರು ಜಿಪುಣರು. ಇದುವರೆಗೆ ಸುಳ್ಳಾದದ್ದಿಲ್ಲ.

ಸಂಬಳ ಚೆನ್ನಾಗಿದೆ ಎಂದು ಮನೆಯಲ್ಲಿ ಹೇಳಿ ಹೊರಟಿದ್ದೆ. ನಿಜವಾದ ಕಾರಣ ಕೇಳಿದರೆ ನಗುತ್ತೀರಿ. ನಾನು ಸಮುದ್ರ ದಾಟಿ ಬಂದದ್ದು ಒಂದು ರೊಟ್ಟಿಗಾಗಿ. ಜೋಳದ ರೊಟ್ಟಿ ಬಡಿಯುವವರಿಗೆ ಗೊತ್ತಿರುತ್ತದೆ, ಹಂಚಿನ ಮೇಲೆ ಉಬ್ಬಿದ ರೊಟ್ಟಿಯನ್ನು ತಟ್ಟೆಗೆ ಹಾಕಿದಾಗ ಹಬೆ ಹೊರಟು, ಅದು ಇನ್ನೂ ಮೆತ್ತಗೆ ಇರುವುದು ಒಂದು ಗಳಿಗೆ ಮಾತ್ರ. ನಮ್ಮ ಮನೆಯಲ್ಲಿ ಆ ಗಳಿಗೆ ಮೊದಲು ಅಪ್ಪನದಾಗಿತ್ತು, ಆಮೇಲೆ ತಮ್ಮಂದಿರದು, ಆಮೇಲೆ ಅವರ ಹೆಂಡಂದಿರದು, ಸ್ಕೂಲಿನ ವ್ಯಾನು ಬಂತೆಂದು ಕುಣಿಯುವ ಮಕ್ಕಳದು. ನನಗೆ ಮದುವೆ ಆಗಲಿಲ್ಲ. ಲ್ಯಾಬಿಗೆ ಹೋಗುವ ಮುಂಚೆ ಇಡೀ ಮನೆಗೆ ರೊಟ್ಟಿ ಬಡಿದು, ಬುಟ್ಟಿಯ ತಳದಲ್ಲಿ ಉಳಿದ ಎರಡು ತಣ್ಣನೆಯವನ್ನು ನಿಂತುಕೊಂಡೇ ತಿಂದು ಬಸ್ಸಿಗೆ ಓಡುತ್ತಿದ್ದೆ. ನೀನು ಮೊದಲು ತಿನ್ನಬೇಡ ಎಂದು ಯಾರೂ ಅಂದವರಲ್ಲ. ಬಾ ಕೂಡು, ಮೊದಲು ನೀನು ತಿನ್ನು ಎಂದೂ ಯಾರೂ ಅನ್ನಲಿಲ್ಲ. ದೂರದ ಊರಲ್ಲಿ ಒಂದು ಕೋಣೆ, ಒಂದು ಒಲೆ, ಒಬ್ಬಳೇ ನಾನು; ಮೊದಲ ರೊಟ್ಟಿ ಬೇರೆ ಯಾರಿಗೆ ಹೋಗುತ್ತದೆ ನೋಡೋಣ ಎಂದುಕೊಂಡು ಬಂದೆ.

ಬಂದ ಸಂಜೆಯೇ ಪೆಟ್ಟಿಗೆಯಿಂದ ಜೋಳದ ಹಿಟ್ಟು ತೆಗೆದೆ. ಹಂಚನ್ನೂ ತಂದಿದ್ದೆ; ವಿಮಾನ ನಿಲ್ದಾಣದಲ್ಲಿ ಅದನ್ನು ಮೂರು ಜನ ಅಧಿಕಾರಿಗಳು ತಿರುಗಿಸಿ ಮುರುಗಿಸಿ ನೋಡಿದ್ದರು. ಎಸರಿಗೆ ನೀರಿಟ್ಟು ಬೆಂಕಿಕಡ್ಡಿ ಗೀರಿದೆ. ಕಡ್ಡಿ ಉರಿಯಿತು, ಒಲೆ ಹೊತ್ತಲಿಲ್ಲ. ಇನ್ನೊಂದು ಗೀರಿದೆ. ಗ್ಯಾಸು ಬುಸುಗುಟ್ಟುವುದು ಕೇಳುತ್ತದೆ, ವಾಸನೆ ಬರುತ್ತದೆ, ಕಿಡಿ ಮಾತ್ರ ಹಿಡಿಯದು. ಅರ್ಧ ಪೊಟ್ಟಣ ಖಾಲಿಯಾಗುವ ಹೊತ್ತಿಗೆ ನನ್ನ ತಲೆ ಕೆಟ್ಟು, ಪಕ್ಕದ ಮನೆಯ ಬಾಗಿಲು ತಟ್ಟಿದೆ. ಉದ್ದನೆಯ ಮುದುಕನೊಬ್ಬ ಬಂದು, ಒಲೆ ನೋಡುವ ಬದಲು ನನ್ನ ಮೇಜಿನ ಮೇಲಿದ್ದ ಒಂದೇ ಒಂದು ತಟ್ಟೆಯನ್ನು ನೋಡಿದ. ಕುರ್ಚಿ ಎಳೆದುಕೊಂಡು ಕೂತ. ಕಡ್ಡಿ ಗೀರು ಎಂದು ಸನ್ನೆ ಮಾಡಿದ. ಗೀರಿದೆ. ಭಗ್ ಎಂದು ನೀಲಿ ಉರಿ ಸುತ್ತಲೂ ಹಬ್ಬಿತು.

ಅವನೇ ಉಲ್ಮಾರ್ ಅಜ್ಜ, ಹಿಂದೆ ಟ್ರಾಮು ಓಡಿಸುತ್ತಿದ್ದವನು. ಮೊದಲ ರೊಟ್ಟಿ ಅವನ ಪಾಲಾಯಿತು. ಬಾಯಲ್ಲಿದ್ದ ಹಳೆಯ ಹಲ್ಲಿನ ಸೆಟ್ಟು ಕಟಕಟ ಸದ್ದು ಮಾಡುತ್ತಿತ್ತು, ರೊಟ್ಟಿ ಅದರ ಕೈಲಾಗದ ಕೆಲಸವೆಂದು ಆಗಲೇ ಗೊತ್ತಾಯಿತು. ಹಾಲು ಕೇಳಿ, ಅದರಲ್ಲಿ ನೆನೆಸಿ ನೆನೆಸಿ ನುಂಗಿದ. ನನ್ನ ಸರದಿ ಬಂದಾಗ ರೊಟ್ಟಿ ಆರಿತ್ತು. ಸಮುದ್ರ ದಾಟಿ ಬಂದರೂ ಬುಟ್ಟಿಯ ತಳ ತಪ್ಪಲಿಲ್ಲವಲ್ಲ ಎಂದು ನನಗೆ ಅಳು ಬರುವಷ್ಟು ಸಿಟ್ಟು ಬಂತು.

ಆಮೇಲೆ ತಿಳಿದುಕೊಂಡೆ. ಅಡುಗೆ ಮಾಡುವವರನ್ನು ಬಿಟ್ಟು ಇನ್ನೊಬ್ಬರು ಅದನ್ನು ತಿನ್ನುವುದಿದ್ದರೆ ಮಾತ್ರ ಇಲ್ಲಿ ಒಲೆ ಹೊತ್ತುತ್ತದೆ. ಕರೆಂಟಿನ ಒಲೆಯೂ ಅಷ್ಟೇ, ಬಿಸಿಯಾಗುವುದಿಲ್ಲ. ಸ್ನಾನದ ನೀರಿಗೆ ಈ ಕಟ್ಟಲೆ ಇಲ್ಲ, ಸದ್ಯ. ಯಾಕೆ ಹೀಗೆ ಎಂದು ಕೇಳಿದರೆ ಜನ ನನ್ನನ್ನೇ ವಿಚಿತ್ರವಾಗಿ ನೋಡಿದರು. ಎಲ್ಲರ ಬಾಗಿಲ ಪಕ್ಕ ಒಂದು ಮೊಳೆ ಇರುತ್ತದೆ, ಉಣ್ಣಲು ಯಾರಾದರೂ ಬೇಕಾದಾಗ ಅದಕ್ಕೊಂದು ಮರದ ಸೌಟು ತೂಗುಹಾಕುತ್ತಾರೆ. ಮೆಟ್ಟಿಲು ಹತ್ತಿ ಇಳಿಯುವ ಯಾರೇ ಹಸಿದವರು ಆ ಸೌಟು ತೆಗೆದುಕೊಂಡು ಒಳಗೆ ಬಂದು ಕೂರಬಹುದು. ಬೀದಿಯಲ್ಲಿ ಎದುರಾದರೆ ನಮ್ಮ ಹಾಗೆ ಊಟ ಆಯಿತೇ ಎಂದು ಕೇಳುವುದಿಲ್ಲ, ಯಾರ ಜೊತೆ ಎಂದು ಕೇಳುತ್ತಾರೆ. ಇಲ್ಲಿಯ ಗಂಡ ಹೆಂಡಿರ ಜಗಳ ಬಹಳ ದಿನ ಉಳಿಯುವುದಿಲ್ಲ. ಒಣ ಬ್ರೆಡ್ಡು ತಿಂದುಕೊಂಡು ಎಷ್ಟು ದಿನ ಹಗೆ ಸಾಧಿಸಲಾದೀತು? ಬೇರೆಯಾದ ದಂಪತಿಗಳು ಕೂಡ ಸಾರು ಮಾಡುವ ದಿನ ಒಟ್ಟಿಗೆ ಕೂರುವುದನ್ನು ನಾನೇ ಕಂಡಿದ್ದೇನೆ.

ನಾನು ಸುಮ್ಮನೆ ಸೋಲುವವಳಲ್ಲ. ಕಿಟಕಿಗೆ ಬರುವ ಪಾರಿವಾಳಕ್ಕೆ ಒಂದು ತುತ್ತು ಹಾಕುತ್ತೇನೆ ಎಂದುಕೊಂಡು ಕಡ್ಡಿ ಗೀರಿದೆ. ಒಲೆ ಒಮ್ಮೆ ಬುಸ್ಸೆಂದು, ನಗುವಂತೆ ಸದ್ದು ಮಾಡಿ ಸುಮ್ಮನಾಯಿತು. ಇನ್ನೊಂದು ದಿನ, ನಮ್ಮ ಲ್ಯಾಬಿನ ಯಜಮಾನಿ ಬ್ರೀಡಾಗೆ ನಾಳೆ ಅನ್ನ ಸಾರು ಒಯ್ದು ಕೊಡುತ್ತೇನೆ ಎಂದು ಮನಸ್ಸಿನಲ್ಲೇ ಆಣೆ ಮಾಡಿದೆ. ಉರಿ ಚೆನ್ನಾಗಿ ಹಿಡಿಯಿತು. ಅಕ್ಕಿ ಕುದಿಯುತ್ತಿದ್ದಾಗ, ಆ ಹೆಂಗಸು ಬೆಳಿಗ್ಗೆ ನಾನು ಕೂರಿಸಿದ ಬಾಚಿಹಲ್ಲಿಗೆ ಕೊಂಕು ತೆಗೆದದ್ದು ನೆನಪಾಗಿ, ಇವಳಿಗೇಕೆ ಕೊಡಬೇಕು ಅಂದುಕೊಂಡೆ, ಅಷ್ಟೇ. ಒಲೆ ಆರಿತು. ಅಟ್ಟ ಮೇಲೆ ಒಲೆ ಉರಿಯಿತು ಎಂಬ ಗಾದೆ ನಮ್ಮ ಕಡೆ ಇದೆ, ಇಲ್ಲಿ ಅಟ್ಟು ಮುಗಿಯುವ ಮೊದಲೇ ಆರಿತು. ಆ ರಾತ್ರಿ ಹಲ್ಲಿಗೆ ಸಿಕ್ಕುವ ಅನ್ನ ತಿಂದೆ. ಬ್ರೀಡಾಗೆ ಬೈದುಕೊಂಡೇ ತಿಂದೆ.

ಹೋಟೆಲಿನ ಒಲೆಗಳಿಗೆ ಈ ತೊಂದರೆ ಇಲ್ಲ. ಆದರೆ ಅಲ್ಲಿ ಕೊಡುವುದು ಉಪ್ಪು ಕಾಣದ ಗೆಣಸು, ಮುಖ ಕಾಣುವಷ್ಟು ತೆಳ್ಳನೆಯ ಸೂಪು. ಹಾಗೆಂದು ಈ ಊರಿನಲ್ಲಿ ಬರೀ ಕಷ್ಟವೇ ಇದೆ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಟ್ರಾಮಿನ ಹಿಂದಿನ ಬೆಂಚಿನ ಕೆಳಗೆ ಬಿಸಿಗಾಳಿ ಬರುವ ಜಾಲರಿ ಇದೆ. ಅಲ್ಲಿ ಕಾಲಿಟ್ಟು ಕೂತರೆ ನಾನು ಇಳಿಯುವ ಜಾಗ ಬಂದರೂ ಏಳಲು ಮನಸ್ಸಾಗುವುದಿಲ್ಲ. ಮಂಜು ಬಿದ್ದ ದಿನ ಇಡೀ ಬೀದಿಯ ಸದ್ದು ಅಡಗಿ, ನನ್ನ ಚಪ್ಪಲಿ ಮಾತಾಡುವುದು ನನಗೇ ಕೇಳುತ್ತದೆ. ಚಪ್ಪಲಿ ಎಂದೆ, ಬೂಟು. ಬೂಟು ಹಾಕಿಕೊಳ್ಳಲು ಬಗ್ಗುವುದು ಇನ್ನೂ ನನಗೆ ಒಗ್ಗಿಲ್ಲ.

ತಂದ ಹಿಟ್ಟು ಒಂದು ದಿನ ಮುಗಿಯಿತು. ಇವರ ಅಂಗಡಿಗಳಲ್ಲಿ ಹತ್ತಾರು ಬಗೆಯ ಹಿಟ್ಟಿದೆ, ಜೋಳವಿಲ್ಲ. ಬಜಾರಿನ ಮೂಲೆಯಲ್ಲಿ ಪಂಜರದ ಹಕ್ಕಿಗಳಿಗೆ ಕಾಳು ಮಾರುವ ಅಂಗಡಿಯೊಂದರ ಮುಂದೆ ಹಾದು ಹೋಗುವಾಗ ಕಾಲು ತಾನೇ ನಿಂತಿತು. ಗಾಜಿನ ಭರಣಿಯಲ್ಲಿ ಬಿಳಿಜೋಳ! ಕೈಯಲ್ಲಿ ಹಿಡಿದು ಮೂಸಿದೆ. ಅಂಗಡಿಯವನು ಯಾವ ಹಕ್ಕಿಗೆ ಎಂದು ಕೇಳಿದ. ದೊಡ್ಡದು ಎಂದೆ. ಎಷ್ಟು ದೊಡ್ಡದು ಎಂದ. ನನ್ನಷ್ಟು ಎಂದು ಕೈ ಎತ್ತಿ ತೋರಿಸಿದೆ. ಅವನು ಪಾಪ, ಪಂಜರ ಬೇಕೇ ಎಂದು ವಿಚಾರಿಸಿದ. ಬೀಸುವುದಕ್ಕೆ ಕಾಫಿ ಪುಡಿ ಮಾಡುವವನ ಬಳಿ ಹೋಗಿ ಕೈಕಾಲು ಹಿಡಿದೆ. ಅಂದಿನಿಂದ ನನ್ನ ರೊಟ್ಟಿಗೆ ಸಣ್ಣಗೆ ಕಾಫಿಯ ವಾಸನೆ. ಇರಲಿ, ದೂರದ ಊರಲ್ಲಿ ಯಾವುದೂ ಇದ್ದ ಹಾಗೇ ಸಿಗುವುದಿಲ್ಲ.

ಸೌಟು ತೂಗುಹಾಕಿದಾಗಲೆಲ್ಲ ಅಜ್ಜನೇ ಬರುತ್ತಿದ್ದ. ಗೋಡೆಯಾಚೆ ನಾನು ಹಿಟ್ಟು ನಾದಿ ಬಡಿಯುವ ಸದ್ದು ಅವನಿಗೆ ಕೇಳುತ್ತಿತ್ತಂತೆ. ಅವನ ಮಾತನ್ನು ನಾನಿಲ್ಲಿ ನಮ್ಮ ಹರಿಹರದ ಮಾತಿನಲ್ಲೇ ಬರೆಯುತ್ತಿದ್ದೇನೆ. ಅವರ ಭಾಷೆ ನನಗೆ ಅರೆಬರೆ ಬಂದ ಮೇಲೆ ಅವನ ಗೊಗ್ಗರು ಸ್ವರ ನನ್ನ ಕಿವಿಗೆ ಹೊಳೆದಂಡೆಯ ಮುದುಕರ ಸ್ವರದ ಹಾಗೆಯೇ ಕೇಳತೊಡಗಿತು. ತಮಗಿಂತ ಕಿರಿಯ ಹೆಂಗಸನ್ನು ಅವರು ಕರೆಯುವ ಪದ ನಮ್ಮ ‘ಅವ್ವ’ನಿಗೆ ಬಹಳ ಹತ್ತಿರ.

ಒಂದು ಸಂಜೆ ಅವನ ಹಲ್ಲಿನ ಕಟಕಟ ಕೇಳಿ ಕೇಳಿ ನನಗೆ ರೇಗಿತು. ‘ಅಜ್ಜ, ಆ ಸೆಟ್ಟು ತೆಗೀರಿ, ನೋಡನ’ ಎಂದೆ.

‘ಇದು ನಮ್ಮಾಕಿ ಇದ್ದಾಗ ಮಾಡ್ಸಿದ್ದು. ದವಡೆ ಕರಗೈತೆ, ಸೆಟ್ಟು ಹಂಗೇ ಐತೆ. ನಡೀತೈತೆ ಬಿಡವ್ವ.’

‘ಏನು ನಡೀತೈತೆ? ನನ್ನ ರೊಟ್ಟೀನ ಹಾಲಿನಾಗೆ ಮುಳುಗ್ಸಿ ಕೊಲ್ತೀರಿ. ಹಲ್ಲಿದ್ದೋರಿಗೆ ಕಡ್ಲೆ ಇಲ್ಲ, ಕಡ್ಲೆ ಇದ್ದೋರಿಗೆ ಹಲ್ಲಿಲ್ಲ ಅಂದಂಗೆ ಆತು ನಿಮ್ಮ ಕತೆ.’

ಅವನು ನಕ್ಕ. ನಗುವಾಗ ಮೇಲಿನ ಸೆಟ್ಟು ಜಾರಿ ಕೆಳಗೆ ಬಂತು. ನಾನು ಮಾರನೆಯ ವಾರ ಅವನನ್ನು ಲ್ಯಾಬಿಗೆ ಎಳೆದುಕೊಂಡು ಹೋಗಿ ಅಚ್ಚು ತೆಗೆಸಿದೆ. ಆ ಸೆಟ್ಟಿಗೆ ಹಾಕಿದಷ್ಟು ಜೀವವನ್ನು ನಾನು ಬೇರೆ ಯಾವ ಬಾಯಿಗೂ ಹಾಕಿಲ್ಲ. ದವಡೆಹಲ್ಲುಗಳ ತಲೆಯನ್ನು ಸ್ವಲ್ಪ ಹರಿತವಾಗಿ ಬಿಟ್ಟೆ, ಈ ಊರಿನ ಬೇಯಿಸಿದ ಗೆಣಸಿಗೆ ಅಷ್ಟು ಹರಿತ ಬೇಕಾಗಿರಲಿಲ್ಲ. ಬ್ರೀಡಾ ಕೂಡ ನೋಡಿ, ಇದೇನು ತೋಳನಿಗೆ ಮಾಡಿದ್ದೋ ಎಂದಳು. ಹೊಸ ಹಲ್ಲಿನಲ್ಲಿ ಅಜ್ಜ ಮೊದಲ ರೊಟ್ಟಿ ಅಗಿದಾಗ ಶಬ್ದವೇ ಬರಲಿಲ್ಲ. ಎರಡೂ ಬದಿಗೆ ಸಮನಾಗಿ ಅಗಿದ. ಶೇಂಗಾ ಚಟ್ನಿಪುಡಿಗೆ ಕಣ್ಣಲ್ಲಿ ನೀರು ತುಂಬಿಕೊಂಡು ಇನ್ನೊಂದು ರೊಟ್ಟಿ ಕೇಳಿದ. ಆವತ್ತು ನನಗೆ ಬಹಳ ಸಂತೋಷವಾಯಿತು, ನಾನು ತಿಂದದ್ದು ತಣ್ಣಗಿನದೇ ಆಗಿದ್ದರೂ.

ಅವನ ಬಾಗಿಲಿಗೆ ಎಂದೂ ಸೌಟು ತೂಗಾಡಿದ್ದನ್ನು ನಾನು ಕಂಡಿರಲಿಲ್ಲ. ಯಾಕೆ ಎಂದು ಕೇಳಿದೆ.

‘ನಮ್ಮಾಕಿ ಹೋದ ಮ್ಯಾಲೆ ನನ್ನ ಒಲೆ ಹೊತ್ತಂಗಿಲ್ಲ’ ಎಂದ.

‘ಯಾರನ್ನಾರ ಕರೀಬೇಕಪ್ಪ. ಊರ ತುಂಬ ಜನ ಅದಾರೆ.’

‘ಕರ್ದೆ. ಬಂದು ಕೂತ್ರು. ಹೊತ್ಲಿಲ್ಲ. ಅವ್ರು ಉಣ್ಲಿ ಅಂತ ನಾನು ಕರೆದಿದ್ದಿಲ್ಲವ್ವ. ಆಕಿ ಕುರ್ಚಿ ಖಾಲಿ ಕಾಣ್ತಿತ್ತು, ಅದುನ್ನ ತುಂಬ್ಸಾಕೆ ಕರೆದಿದ್ದೆ. ಒಲೆಗೆ ಗೊತ್ತಾಗಿಬಿಡ್ತೈತೆ.’ ಆಮೇಲೆ ಅವನು ಬೇರೆಯವರ ಮನೆಯ ಸೌಟು ತೆಗೆಯುವವನಾಗಿಯೇ ಉಳಿದಿದ್ದ. ಇದನ್ನು ಹೇಳುವಾಗ ಅವನಿಗೆ ತನ್ನ ಮೇಲೆ ಮರುಕವೇನೂ ಇರಲಿಲ್ಲ, ಟ್ರಾಮು ತಡವಾದ ಸುದ್ದಿ ಹೇಳಿದಂತೆ ಹೇಳಿದ.

ನಾನೂ ಅವತ್ತು ಬಾಯಿ ಬಿಟ್ಟೆ. ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಬಂತು. ಅಪ್ಪ, ತಮ್ಮಂದಿರು, ವ್ಯಾನು, ಬುಟ್ಟಿಯ ತಳ. ‘ಒಂದೇ ಒಂದು ಸಲ ಅಜ್ಜ, ಹಂಚಿನಿಂದ ಇಳಿದ ಮೊದ್ಲನೇ ರೊಟ್ಟಿ ಬಿಸಿಬಿಸಿ ನಾನು ಕೂತ್ಕೊಂಡು ತಿನ್ಬೇಕು ಅಂತ ಬಂದೆ. ನಿಮ್ಮೂರಿನ ಒಲೆ ಅದ್ಕೂ ಕಲ್ಲು ಹಾಕ್ತು.’

‘ತಿನ್ನು ಮತ್ತೆ. ನಾನು ಕಾಯ್ತೀನಿ’ ಎಂದ ಅಜ್ಜ. ಕೈಕಟ್ಟಿ ಕೂತೂಬಿಟ್ಟ.

ಪ್ರಯತ್ನ ಮಾಡಿದೆ. ಮೊದಲ ರೊಟ್ಟಿಯನ್ನು ನನ್ನ ತಟ್ಟೆಗೆ ಹಾಕಿದೆ. ಅಷ್ಟರಲ್ಲಿ ಹಂಚಿನ ಮೇಲೆ ಎರಡನೆಯದು ಕಾಯುತ್ತಿತ್ತು, ಅದಕ್ಕೆ ನೀರು ಸವರಬೇಕು, ಮಗುಚಬೇಕು. ಎದುರಿಗೆ ಒಬ್ಬ ಮುದುಕ ಖಾಲಿ ತಟ್ಟೆ ಇಟ್ಟುಕೊಂಡಿದ್ದಾನೆ. ನನಗೆ ತಿಳಿಯುವ ಮೊದಲೇ ನನ್ನ ಕೈ ರೊಟ್ಟಿಯನ್ನು ಅವನ ತಟ್ಟೆಗೆ ದಾಟಿಸಿತ್ತು. ನಮ್ಮಿಬ್ಬರಿಗೂ ನಗು ಬಂತು. ನನ್ನ ನಗು ಬೇಗ ನಿಂತುಹೋಯಿತು. ಹಂಚಿನ ಮುಂದೆ ನಿಂತವರು ಕೂರಲಾರರು, ನಾನು ಕೂತರೆ ರೊಟ್ಟಿ ಬಡಿದು ಕೊಡುವುದು ಈ ಊರಲ್ಲಿ ಯಾರಿಗೂ ಬಾರದು. ಇದು ನನ್ನ ಹಣೆಬರಹ ಎಂದು ಆ ಆಸೆಯನ್ನು ಕೈಬಿಟ್ಟೆ.

ಚಳಿಗಾಲ ಬಲಿತಾಗ ಮನೆಯ ಮುಂದಿನ ಮೆಟ್ಟಿಲಿನ ಮೇಲೆ ಜಾರಿ ಬಿದ್ದೆ. ಮಂಜು ಗಾಜಾಗಿ ಕೂತಿತ್ತು. ಬಲಗೈಯ ಮಣಿಕಟ್ಟು ಮುರಿಯಿತು. ಆಸ್ಪತ್ರೆಯವರು ಮೊಣಕೈಯವರೆಗೆ ಪ್ಲಾಸ್ಟರು ಹಾಕಿ, ನಗುನಗುತ್ತಾ ಒಂದು ಮಿಠಾಯಿ ಕೊಟ್ಟು ಕಳಿಸಿದರು. ಹಲ್ಲು ಮಾಡುವವಳಿಗೆ ಮಿಠಾಯಿ! ಕೆಲಸವೂ ನಿಂತಿತು, ಅಡುಗೆಯೂ ನಿಂತಿತು. ನನಗೆ ಜಡೆ ಹಾಕಿಕೊಳ್ಳಲಾಗದ್ದರಿಂದ ಕೂದಲನ್ನು ಬ್ರೀಡಾ ಬಂದು ಕಟ್ಟಿಕೊಟ್ಟಳು. ಕಟ್ಟಿದ್ದು ಕುದುರೆಯ ಬಾಲದ ಹಾಗಿತ್ತು, ಆದರೂ ಬಂದಳಲ್ಲ. ಮೆಟ್ಟಿಲಿನ ಅಕ್ಕಪಕ್ಕದವರೆಲ್ಲ ಬಟ್ಟಲು ಬಟ್ಟಲು ಸೂಪು ತಂದಿಟ್ಟರು. ನನ್ನ ಹೆಸರಿನಲ್ಲಿ ಆ ಕಟ್ಟಡದ ಒಲೆಗಳೆಲ್ಲ ಧಗಧಗ ಉರಿದವು. ಅವರ ಒಳ್ಳೆಯತನಕ್ಕೆ ಕೈ ಮುಗಿಯಬೇಕು, ಮುಗಿಯುವುದಕ್ಕೂ ಒಂದೇ ಕೈ ಇತ್ತು. ಎಡಗೈಯಲ್ಲಿ ಚಮಚ ಹಿಡಿದು ಆ ಸಪ್ಪೆ ನೀರು ಕುಡಿಯುತ್ತಾ, ಇಷ್ಟು ಜನ ಇಷ್ಟು ಪ್ರೀತಿಯಿಂದ ಕೊಟ್ಟದ್ದು ನನ್ನ ಗಂಟಲಲ್ಲಿ ಇಳಿಯುತ್ತಿಲ್ಲವಲ್ಲ ಎಂದು ನನಗೇ ನಾಚಿಕೆಯಾಗುತ್ತಿತ್ತು. ಅಜ್ಜ ಮಾತ್ರ ಏನೂ ತರಲಿಲ್ಲ. ತರುವುದಕ್ಕೆ ಅವನ ಒಲೆ ಹೊತ್ತಬೇಕಲ್ಲ. ದಿನವೂ ಬಂದು ಕುರ್ಚಿಯಲ್ಲಿ ಕೂತು, ನನ್ನ ಹಂಚನ್ನು ನೋಡಿ, ರೊಟ್ಟಿಗೆ ನೀರು ಎಷ್ಟು, ಬಿಸಿ ಎಷ್ಟು ಎಂದು ಏನೇನೋ ಕೇಳಿ ಹೋಗುತ್ತಿದ್ದ. ಮುದುಕನಿಗೆ ರೊಟ್ಟಿಯ ಚಟ ಹತ್ತಿದೆ, ನನ್ನ ಕೈ ಯಾವಾಗ ಸರಿಹೋದೀತೆಂದು ಕಾಯುತ್ತಿದ್ದಾನೆ ಎಂದು ಸ್ವಲ್ಪ ಬೇಜಾರೇ ಆಯಿತು. ಕೊನೆಗೆ ಒಂದು ದಿನ ಹಂಚನ್ನೇ ಎರವಲು ಕೇಳಿದ. ಒಯ್ಯಿರಿ, ನನಗಂತೂ ಅದರ ಮುಖ ನೋಡಲಾಗದು ಎಂದೆ.

ಅದೇ ಹೊತ್ತಿಗೆ ತಮ್ಮ ಚನ್ನವೀರ ಫೋನು ಮಾಡಿದ.

‘ಅಕ್ಕ, ಊಟ ಆತೇನು?’

‘ಆತಪ್ಪ.’

‘ಕೈ ಮುರ್ಕೊಂಡು ಅಲ್ಲಿ ಯಾರಿಲ್ದಂಗೆ ಯಾಕೆ ಕುಂತೀಯ? ಬಂದ್ಬಿಡು. ನೀ ಹೋದಾಗಿಂದ ಈ ಮನ್ಯಾಗೆ ಒಬ್ರೂ ನೆಟ್ಟಗೆ ರೊಟ್ಟಿ ತಿಂದಿಲ್ಲ ನೋಡು. ಅಂಗಡಿವು ತರ್ತೀವಿ, ಹಪ್ಪಳ ಇದ್ದಂಗಿರ್ತಾವು.’

ಅವನು ಕೆಟ್ಟವನಲ್ಲ. ಅಕ್ಕನ ನೆನಪು ಅವನಿಗೆ ರೊಟ್ಟಿಯ ದಾರಿಯಲ್ಲೇ ಬರುತ್ತದೆ, ಅದೇನು ಸುಳ್ಳು ನೆನಪಲ್ಲ. ಆದರೂ ನೋಡಿ, ಕೈ ಮುರಿದವಳನ್ನೂ ಹಂಚಿನ ಮುಂದೆಯೇ ನೆನೆಯುತ್ತಾರೆ. ಆದರೆ ಇಲ್ಲಿದ್ದು ತಾನೇ ಏನು ಸಾಧಿಸಿದೆ? ಅಲ್ಲಿ ತಣ್ಣನೆಯ ರೊಟ್ಟಿಯಾದರೂ ಇತ್ತು, ಇಲ್ಲಿ ಅದೂ ಇಲ್ಲ. ಹೊರಡೋಣ, ಬರುತ್ತೇನೆಂದು ನಾಳೆ ಹೇಳಿಬಿಡೋಣ ಎಂದು ತೀರ್ಮಾನ ಮಾಡಿ, ಎಡಗೈಯಲ್ಲೇ ಬಟ್ಟೆ ಮಡಚತೊಡಗಿದೆ.

ಮಾರನೆಯ ಬೆಳಿಗ್ಗೆ ರಜೆಯ ದಿನ. ಬಿಸಿಲು ಅಪರೂಪಕ್ಕೆ ಗೋಡೆಗೆ ಬಿದ್ದಿತ್ತು. ಪೆಟ್ಟಿಗೆಯ ಪಕ್ಕ ಕೂತಿದ್ದವಳಿಗೆ ಗೋಡೆಯಾಚೆಯಿಂದ ಒಂದು ಸದ್ದು ಕೇಳಿತು. ತಟ್ ತಟ್ ತಟ್, ಸ್ವಲ್ಪ ನಿಂತು, ಮತ್ತೆ ತಟ್ ತಟ್ ತಟ್. ನನಗೆ ಜ್ವರ ಬಂದಿದೆ ಎಂದುಕೊಂಡೆ. ರೊಟ್ಟಿ ಬಡಿಯುವ ಸದ್ದು ಅದು. ಅಂಗೈ ಬೀಳುವ ತೂಕ, ತಿರುಗಿಸುವಾಗಿನ ಬಿಡುವು, ಎಲ್ಲವೂ ನನ್ನದೇ. ನಾನು ಮಾಡುವ ಸದ್ದನ್ನು ನಾನು ಇನ್ನೊಂದು ಕೋಣೆಯಲ್ಲಿ ಕೂತು ಎಂದಾದರೂ ಕೇಳಿದ್ದೆನೇ?

ಎದ್ದು ಹೋದೆ. ಅಜ್ಜನ ಬಾಗಿಲು ತೆರೆದಿತ್ತು. ಸ್ವೆಟರಿನ ತೋಳು ಮಡಚಿಕೊಂಡು, ಹುಬ್ಬಿನವರೆಗೂ ಹಿಟ್ಟು ಮೆತ್ತಿಕೊಂಡು ಅವನು ನಿಂತಿದ್ದ. ಹಕ್ಕಿ ಕಾಳಿನ ಅಂಗಡಿಯ ಚೀಲ ಮೂಲೆಯಲ್ಲಿತ್ತು. ನೆಲದ ಮೇಲೆ, ಮೇಜಿನ ಮೇಲೆ ಹರಿದ, ಒಡೆದ, ಮುದುಡಿದ ಹಿಟ್ಟಿನ ತುಂಡುಗಳು. ಅವನ ಬೆನ್ನ ಹಿಂದೆ, ಎಷ್ಟೋ ವರ್ಷದಿಂದ ತಣ್ಣಗಿದ್ದ ಆ ಒಲೆ ನೀಲಿಯಾಗಿ ಉರಿಯುತ್ತಿತ್ತು. ಅದರ ಮೇಲೆ ನನ್ನ ಹಂಚು.

‘ಅಜ್ಜ, ಒಲೆ!’ ಎಂದೆ.

‘ಹ್ಞೂಂ. ನಾನೂ ನೋಡ್ದೆ’ ಎಂದ. ‘ಕೂಡು.’

ಕಿಟಕಿಯ ಪಕ್ಕದ ಕುರ್ಚಿಯನ್ನು ಕಾಲಿನಿಂದ ಈಚೆ ತಳ್ಳಿದ. ಅದು ಯಾರ ಕುರ್ಚಿ ಎಂದು ನನಗೆ ಗೊತ್ತಿತ್ತು. ಕೂತೆ. ಕೂತವಳು ಸುಮ್ಮನಿರಬೇಡವೇ? ‘ನೀರು ಕಮ್ಮಿ ಆಗೈತೆ, ಅಂಚು ಬಿರಿತೈತೆ ನೋಡ್ರಿ. ಇನ್ನೊಂದ್ಸಲ ನಾದ್ಬೇಕಿತ್ತು’ ಎಂದೆ.

‘ಟ್ರಾಮು ಓಡ್ಸೋನ ಹತ್ರ ಮಾತಾಡಬಾರದು ಅಂತ ಬೋರ್ಡು ಇರ್ತೈತೆ. ಓದಿಲ್ಲೇನು? ಬಾಯಿ ಮುಚ್ಕೊಂಡು ಕೂಡವ್ವ.’

ಸದ್ದು ಸರಿಯಾಗಿತ್ತು, ರೊಟ್ಟಿ ಮಾತ್ರ ಸರಿಯಿರಲಿಲ್ಲ. ಒಂದು ಕಡೆ ದಪ್ಪ, ಒಂದು ಕಡೆ ತೂತು, ದುಂಡಗಂತೂ ಅಲ್ಲವೇ ಅಲ್ಲ. ಹಂಚಿಗೆ ಹಾಕಿದ, ಒದ್ದೆ ಬಟ್ಟೆಯಿಂದ ನೀರು ಸವರಿದ, ಬೆರಳು ಸುಟ್ಟುಕೊಂಡು ಬೈದುಕೊಂಡ, ಮಗುಚಿದ. ಅರ್ಧ ಭಾಗ ಉಬ್ಬಿತು. ಆ ಅರ್ಧ ಉಬ್ಬಿದ್ದನ್ನು ನೋಡಿದಾಗಿನ ಅವನ ಮುಖ ನೋಡಬೇಕಿತ್ತು ನೀವು. ಹಂಚಿನಿಂದ ಅದನ್ನು ಬರಿಗೈಯಲ್ಲೇ ಎತ್ತಿ, ಓಡಿ ಬಂದವನಂತೆ ನನ್ನ ಮುಂದಿನ ತಟ್ಟೆಗೆ ಹಾಕಿದ. ಹಬೆ ನನ್ನ ಮುಖಕ್ಕೆ ಬಡಿಯಿತು. ಕಾಫಿಯ ವಾಸನೆಯೂ ಇತ್ತು.

ನಾನು ಏನು ಮಾಡಿದೆ ಗೊತ್ತೇ? ಅಷ್ಟು ದೂರ ಅದಕ್ಕಾಗಿಯೇ ಬಂದವಳು, ಅದು ಕಣ್ಣೆದುರು ಬಿದ್ದಿರುವಾಗ, ತಟ್ಟೆಯನ್ನು ಎಡಗೈಯಿಂದ ಅವನ ಕಡೆಗೆ ತಳ್ಳಿದೆ. ‘ಮೊದ್ಲು ನೀವು ತಿನ್ರಿ ಅಜ್ಜ. ನಾನು ಆಮೇಲೆ ತಿಂತೀನಿ.’ ಮಾತು ನನ್ನದಲ್ಲ. ಅದು ತಾನೇ ಬಂತು, ಎಷ್ಟೋ ವರ್ಷ ಪ್ರತಿದಿನ ಹೇಳಿದ್ದರಿಂದ ಬಾಯಲ್ಲಿಯೇ ಉಳಿದುಬಿಟ್ಟಿತ್ತು.

ಒಲೆ ಬುಸ್ಸೆಂದಿತು. ಸುತ್ತಲೂ ಹಬ್ಬಿದ್ದ ಉರಿ ಕುಗ್ಗಿ, ಕುಗ್ಗಿ, ಒಂದೇ ಒಂದು ನೀಲಿ ಹನಿಯಾಗಿ ಉಳಿಯಿತು.

ಅಜ್ಜ ಕೂಗಲಿಲ್ಲ. ಆ ನೀಲಿ ಹನಿಯನ್ನೇ ನೋಡುತ್ತಾ, ಬಹಳ ಮೆಲ್ಲಗೆ, ಮಲಗಿದ ಮಗು ಎಚ್ಚರಾದೀತು ಎನ್ನುವಂತೆ ಹೇಳಿದ: ‘ಇಷ್ಟು ವರ್ಷದ ಮ್ಯಾಲೆ ಹೊತ್ತೈತೆ ಕಣವ್ವ. ನೀನು ತಿಂತೀಯ ಅಂತ ಹೊತ್ತೈತೆ. ಆರ್ಸಬ್ಯಾಡ. ನಿಂಗೆ ಕೈ ಮುಗಿತೀನಿ, ತಿನ್ನು.’

ತಟ್ಟೆಯನ್ನು ನನ್ನ ಕಡೆಗೆ ಎಳೆದುಕೊಂಡೆ. ಎಳೆದುಕೊಳ್ಳುವುದು ಅಷ್ಟು ಕಷ್ಟವೆಂದು ನನಗೆ ಗೊತ್ತಿರಲಿಲ್ಲ. ಬೇರೆಯವರ ಬಾಯಿಂದ ಕಸಿದುಕೊಂಡಷ್ಟು ಕಷ್ಟ. ಎಡಗೈಯಲ್ಲೇ ಒಂದು ತುಂಡು ಹರಿದೆ, ಹರಿದ ಕಡೆಯಿಂದ ಇನ್ನೂ ಹಬೆ ಬಂತು, ಚಟ್ನಿಪುಡಿ ಇಲ್ಲದೆಯೇ ಬಾಯಿಗೆ ಹಾಕಿಕೊಂಡೆ. ಹಿಂದೆ ಒಲೆ ಭಗ್ ಎಂದು ಮತ್ತೆ ಸುತ್ತಲೂ ಹಬ್ಬಿದ ಸದ್ದು ಕೇಳಿತು. ಉಪ್ಪು ಜಾಸ್ತಿಯಾಗಿತ್ತು, ನಡುವೆ ಹಸಿ, ಅಂಚು ಕರಿ. ನನ್ನ ಕಣ್ಣಿಂದ ನೀರು ಇಳಿದು ಅದರ ಮೇಲೇ ಬಿತ್ತು, ನಾನು ಒರೆಸಿಕೊಳ್ಳಲಿಲ್ಲ. ಇದ್ದ ಒಂದು ಕೈ ತಿನ್ನುವುದಕ್ಕೆ ಬೇಕಾಗಿತ್ತು.

ಅಜ್ಜ ಎರಡನೆಯ ಉಂಡೆ ತೆಗೆದುಕೊಂಡು ಬಡಿಯತೊಡಗಿದ್ದ. ನನ್ನ ಕಡೆ ತಿರುಗದೆಯೇ, ‘ಹೆಂಗೈತೆ?’ ಎಂದು ಕೇಳಿದ.

ನನ್ನ ಬಾಯಿ ಸುಟ್ಟುಹೋಗಿತ್ತು. ರೊಟ್ಟಿ ಬಡಿದು ಬಡಿದು ಕೈ ಸುಟ್ಟುಕೊಂಡದ್ದಕ್ಕೆ ಲೆಕ್ಕವೇ ಇಲ್ಲ. ಬಾಯಿ ಸುಟ್ಟುಕೊಂಡದ್ದು ಇದೇ ಮೊದಲು.